ಕತೆಯ ಪಕ್ಕದ ಚಿತ್ರ: ಆರ್.ಕೆ. ಲಕ್ಷ್ಮಣ್ ಅವರನ್ನು ಮತ್ತೆ ನೋಡುತ್ತಾ

ನಮ್ಮ ಆಪಾಳ ಷಾದಿಯ ರುಕ್ಕಾ ಅಚ್ಚು ಹಾಕಿಸಲು ಅಬ್ಬಾನ ಜೊತೆ ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋದ ನೆನಪು. 1990ರ ಆಸುಪಾಸು. ಆಗಿನ್ನೂ ನಮ್ಮದು ಮೈಸೂರು ಜಿಲ್ಲೆ. ಕಾಲಿನಲ್ಲಿ ತುಳಿಯುವ ಟ್ರೆಡಲ್ ಯಂತ್ರ, ಸೀಮೆಎಣ್ಣೆ ಮತ್ತು ಮಸಿ ಬೆರೆತ ವಾಸನೆ, ಮೊಳೆ ಜೋಡಿಸುತ್ತಿದ್ದ ಹುಡುಗನ ಕರಿ ಬೆರಳುಗಳು. ಪ್ರೆಸ್ಸಿನ ಮಾಲೀಕರು ಒಂದು ಮರದ ಡ್ರಾಯರನ್ನು ಎಳೆದರು. ಅದರೊಳಗೆ ಸಾಲುಸಾಲಾಗಿ ಬ್ಲಾಕುಗಳು: ಗಣಪತಿ, ಶಿವಲಿಂಗ, ಶಿಲುಬೆ, ವಾಲಗದವರು, ಕೈ ಹಿಡಿದ ವಧೂವರರು, ನವಿಲು, ಚಾಂದ್-ತಾರಾ. ಅವರು ನಮ್ಮನ್ನು ಏನೂ ಕೇಳಲಿಲ್ಲ. ಚಾಂದ್-ತಾರಾದ ಬ್ಲಾಕನ್ನು ಎತ್ತಿ, ಧೂಳು ಊದಿ, "ಸಾಬರೆ, ನಿಮ್ಮೋರ್ಗೆ ಇದೇ" ಎಂದರು. ಅಬ್ಬಾ ತಲೆಯಾಡಿಸಿದರು. ನಮಗೆ ಮಾತ್ರ ನವಿಲು ಬೇಕಿತ್ತು.

ಆ ಮಾಲೀಕರ ಮೇಲೆ ನಮಗೆ ಯಾವ ದೂರೂ ಇಲ್ಲ. ಅವರ ಕೆಲಸವೇ ಅದು. ಸಿದ್ಧವಾಗಿರುವ ಅಚ್ಚನ್ನು ಎತ್ತಿ ಇಡದಿದ್ದರೆ ದಿನಕ್ಕೆ ನಾಲ್ಕು ರುಕ್ಕಾ, ಆರು ಲಗ್ನಪತ್ರಿಕೆ ಮುಗಿಯುವುದು ಹೇಗೆ? ಜನರನ್ನು ಜಾತಿ ಮತಗಳ ಒಂದೇ ಎರಕಕ್ಕೆ ಹೊಯ್ಯುವುದಕ್ಕೆ ನಾವೀಗ 'ಸ್ಟೀರಿಯೋಟೈಪ್' ಎನ್ನುತ್ತೇವಲ್ಲ, ಆ ಪದ ಹುಟ್ಟಿದ್ದು ಮುದ್ರಣಾಲಯದಲ್ಲಿ. ಜೋಡಿಸಿದ ಮೊಳೆಗಳ ಪುಟದ ಅಚ್ಚು ತೆಗೆದು, ಅದಕ್ಕೆ ಲೋಹ ಎರೆದು ಮಾಡಿದ ಗಟ್ಟಿ ಫಲಕಕ್ಕೆ ಆ ಹೆಸರು. 'ಕ್ಲೀಷೆ' ಎಂಬುದೂ ಅಲ್ಲಿಯದೇ. ಈ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ, ನಮ್ಮದೇ ಕತೆಯೊಂದರ ಪಕ್ಕದಲ್ಲಿ ಅಚ್ಚಾದ ಚಿತ್ರವನ್ನು ನೋಡಿದ ಮೇಲೆ.

ಆ ಕತೆಯಲ್ಲಿ ಒಬ್ಬ ತಾಯಿ ಇದ್ದಳು. ಅರಿಸಿನ ಕೀಳುವ ಕಾಲದಲ್ಲಿ ಕೂಲಿಗೆ ಹೋಗುವವಳು, ನೂಲಿನ ಸೀರೆ ಉಡುವವಳು, ಬಿಸಿಲಿಗೂ ಹಿರಿಯರಿಗೂ ಒಂದೇ ಸೆರಗನ್ನು ತಲೆಗೆ ಎಳೆದುಕೊಳ್ಳುವವಳು. ನಮ್ಮ ಊರಿನಲ್ಲಿ ನಾವು ಕಂಡ ಹೆಂಗಸರು ಹೆಚ್ಚಿನವರು ಹಾಗೆಯೇ. ವಾರಪತ್ರಿಕೆಯೊಂದರಲ್ಲಿ ಕತೆ ಪ್ರಕಟವಾದಾಗ ಅವಳು ಕಣ್ಣು ಬಿಟ್ಟು ಉಳಿದುದೆಲ್ಲ ಕಪ್ಪು ಬುರ್ಖಾದಲ್ಲಿದ್ದಳು. ಹಿಂದೆ ಒಂದು ಗುಮ್ಮಟ, ಗುಮ್ಮಟದ ಮೇಲೆ ಚಂದ್ರ. ಕತೆಯಲ್ಲಿ ಮಸೀದಿಯೇ ಇರಲಿಲ್ಲ. ಅಮ್ಮ ಪತ್ರಿಕೆಯನ್ನು ದೂರ ಹಿಡಿದು ನೋಡಿ, "ಯೆ ಕೌನ್ ಕೀ ಬಾಬಾ" ಎಂದರು. ಕನ್ನಡ ಓದಲು ಬಾರದ ಅಮ್ಮನಿಗೆ ಕತೆ ತಲುಪಲು ಇದ್ದ ದಾರಿ ಆ ಚಿತ್ರ ಒಂದೇ. ಅದರಲ್ಲಿ ಅವರು ತಮ್ಮನ್ನು ಗುರುತಿಸಲಿಲ್ಲ.

ಕತೆಗೆ ಚಿತ್ರ ಬರೆಯುವವನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಹಿಡಿದು ನಾವು ಹಳೆಯ ಚಿತ್ರಕಾರರನ್ನು ನೋಡತೊಡಗಿದ್ದು ಆಗ. ಆ ಹುಡುಕಾಟದಲ್ಲಿ ಮತ್ತೆ ಮತ್ತೆ ನಮ್ಮನ್ನು ನಿಲ್ಲಿಸಿದವರು ಮೈಸೂರಿನ ರಾಸೀಪುರಂ ಕೃಷ್ಣಸ್ವಾಮಿ ಲಕ್ಷ್ಮಣ್. ಅವರ ವ್ಯಂಗ್ಯಚಿತ್ರಗಳ ಬಗ್ಗೆ ಬರೆದವರು ಬಹಳ. ಶ್ರೀಸಾಮಾನ್ಯನ ಬಗ್ಗೆಯಂತೂ ಹೇಳಲು ಏನೂ ಉಳಿದಿಲ್ಲ. ಆದರೆ ಅಣ್ಣ ಆರ್.ಕೆ. ನಾರಾಯಣ್ ಅವರ ಕತೆಗಳಿಗೆ ಚಿತ್ರ ಬರೆದ ಲಕ್ಷ್ಮಣ್ ನಮ್ಮ ಚರ್ಚೆಗಳಲ್ಲಿ ಒಂದು ವಾಕ್ಯದ ಮನುಷ್ಯ. 'ಅಣ್ಣನ ಕತೆಗಳಿಗೂ ಚಿತ್ರ ಬರೆಯುತ್ತಿದ್ದರು' ಎಂದು ಹೇಳಿ ಮುಂದೆ ಹೋಗುತ್ತೇವೆ. ಆ 'ಕತೆಗಳಿಗೂ' ಎಂಬಲ್ಲಿನ 'ಊ'ಕಾರದ ಬಗ್ಗೆ ನಮ್ಮ ತಕರಾರು. ಅವರ ಇಡೀ ಕಸುಬಿನ ಬೇರು ಅಲ್ಲಿದೆ ಎಂದು ನಾವು ನಂಬುತ್ತೇವೆ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಮುಖ್ಯೋಪಾಧ್ಯಾಯರು. ತುಂಬಿದ ಮನೆಯ ಕೊನೆಯ ಮಗ. ನಾರಾಯಣ್ ಅವರಿಗಿಂತ ಹದಿನೈದು ವರ್ಷ ಚಿಕ್ಕವರು. ಮನೆಗೆ ಸ್ಟ್ರಾಂಡ್, ಪಂಚ್, ಬೈಸ್ಟ್ಯಾಂಡರ್, ಟಿಟ್-ಬಿಟ್ಸ್ ಮುಂತಾದ ಇಂಗ್ಲೆಂಡಿನ ಪತ್ರಿಕೆಗಳು ಬರುತ್ತಿದ್ದವು. ಅಕ್ಷರ ಬರುವ ಮೊದಲೇ ಹುಡುಗ ಆ ಪತ್ರಿಕೆಗಳ ಚಿತ್ರಗಳಿಗೆ ಮರುಳಾಗಿದ್ದ. ಇದು ಸಣ್ಣ ವಿವರವಾಗಿ ಕಾಣಬಹುದು. ಆದರೆ ಅಂದಿನ ಸ್ಟ್ರಾಂಡ್ ಎಂದರೆ ಷೆರ್ಲಾಕ್ ಹೋಮ್ಸನ ಕತೆಗಳನ್ನು ಸಿಡ್ನಿ ಪ್ಯಾಜೆಟನ ಚಿತ್ರಗಳೊಂದಿಗೆ ಮನೆಮನೆಗೆ ಮುಟ್ಟಿಸಿದ ಪತ್ರಿಕೆ. ಕತೆ ಮತ್ತು ಚಿತ್ರ ಒಂದೇ ಹಾಳೆಯ ಮೇಲೆ ಸಂಸಾರ ಮಾಡುವ ಪರಂಪರೆ ಅದು. ಲಕ್ಷ್ಮಣ್ ಕಲಿತ ಮೊದಲ ಲಿಪಿ ಆ ಚಿತ್ರಗಳು. ಆಮೇಲೆ ಬಂತು ನೆಲ, ಗೋಡೆ, ಬಾಗಿಲುಗಳ ಮೇಲಿನ ಬರವಣಿಗೆ; ಮೇಷ್ಟರುಗಳ ವಿಕಟ ಚಿತ್ರಗಳು. ಶಾಲೆಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಮೇಷ್ಟರು ಮೆಚ್ಚಿಕೊಂಡಾಗ ತಾನು ಚಿತ್ರಕಾರನಾಗುವವನು ಎಂದು ಹುಡುಗ ತೀರ್ಮಾನಿಸಿಬಿಟ್ಟ.

ನಮ್ಮ ತಲೆಮಾರಿನ ನಮ್ಮಂಥವರಿಗೂ ಹೀಗೊಂದು ಮೊದಲ ಲಿಪಿ ಇದೆ. ಬೆಳಿಗ್ಗೆ ಉರ್ದು ಪುಸ್ತಕದಲ್ಲಿ ಅಲಿಫ್ ಎಂದರೆ ಅನಾರ್, ಒಡೆದ ದಾಳಿಂಬೆಯ ಚಿತ್ರ. ಮಧ್ಯಾಹ್ನ ಕನ್ನಡದಲ್ಲಿ ಆ ಎಂದರೆ ಆನೆ. ಉರ್ದು ಪುಸ್ತಕದ ಅಕ್ಷರವೂ ಚಿತ್ರವೂ ಕೈಯಿಂದಲೇ ಬಂದವು. ಕಾತಿಬ್ ಸಾಹೇಬರು ಬೊರುವಿನ ಲೇಖನಿಯಿಂದ ಬರೆದ ಪುಟವನ್ನೇ ಕಲ್ಲಿಗೋ ತಗಡಿಗೋ ಇಳಿಸಿ ಮುದ್ರಿಸುತ್ತಿದ್ದ ಕಾಲ ಅದು. ಕಂಪ್ಯೂಟರಿನ ನಸ್ತಾಲೀಕ್ ಬಂದು ಅವರನ್ನು ಮನೆಗೆ ಕಳಿಸಿದ್ದು 90ರ ದಶಕದಲ್ಲಿ. ಹಾಗಾಗಿ ಒಂದೇ ಪುಸ್ತಕದಲ್ಲಿ ಒಂದು 'ಮೀಮ್' ಇದ್ದಂತೆ ಇನ್ನೊಂದು 'ಮೀಮ್' ಇರುತ್ತಿರಲಿಲ್ಲ. ಕನ್ನಡದ ಅಕ್ಷರ ಮಾತ್ರ ಮೊಳೆಯದು, ಎಲ್ಲಿ ನೋಡಿದರೂ ಅದೇ. ಕೈಗೂ ಅಚ್ಚಿಗೂ ಇರುವ ಈ ಅಂತರ ಆ ವಯಸ್ಸಿನಲ್ಲೇ ನಮ್ಮ ಕಣ್ಣಿಗೆ ಹತ್ತಿತ್ತು ಎಂದು ಹೇಳಿದರೆ ಸುಳ್ಳಾದೀತು. ಈಗ ಹಿಂತಿರುಗಿ ನೋಡಿದಾಗ ಹಾಗೆ ಕಾಣುತ್ತದೆ, ಅಷ್ಟೆ.

ಲಕ್ಷ್ಮಣ್ ವಿಷಯಕ್ಕೆ ಬರೋಣ. ಬೀದಿಯ ಕ್ರಿಕೆಟ್ ತಂಡಕ್ಕೆ ಅವರೇ ನಾಯಕ. ಆ ತಂಡದ ಪುಂಡಾಟಗಳಿಂದ ನಾರಾಯಣ್ ಎರಡು ಕತೆಗಳನ್ನು ಮಾಡಿದರು. ಒಂದರಲ್ಲಿ ದುಡ್ಡು ಮಾಡಲು ಹೊರಟ 'ದೊಡು' ಎಂಬ ಪುಟ್ಟ ಹುಡುಗ ಇದ್ದಾನೆ. ಅಂದರೆ ಲಕ್ಷ್ಮಣ್ ಅಣ್ಣನ ಕತೆಗಳಿಗೆ ಮೊದಲು ಹೊಕ್ಕದ್ದು ಪಾತ್ರವಾಗಿ, ಚಿತ್ರಕಾರನಾಗಿದ್ದು ನಂತರ. ಇಂಥ ಭಾಗ್ಯ ಇನ್ನಾವ ಚಿತ್ರಕಾರನಿಗೆ ಒದಗಿತೋ ಕಾಣೆವು. ಯಾವ ಬೀದಿಯನ್ನು ನೋಡಿ ಅಣ್ಣ ಬರೆದರೋ ಅದೇ ಬೀದಿಯಲ್ಲಿ ತಮ್ಮ ಚೆಂಡು ಹಿಡಿಯುತ್ತಿದ್ದ. ಹೈಸ್ಕೂಲು ಮುಗಿಸಿ ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ತಮ್ಮಲ್ಲಿ ಸೇರಲು ಬೇಕಾದ ಪ್ರತಿಭೆ ನಿಮ್ಮ ಚಿತ್ರಗಳಲ್ಲಿಲ್ಲ ಎಂಬ ಉತ್ತರ ಬಂತು. ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ಅವರು ಹಿಂದೂ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕತೆಗಳಿಗೆ ಚಿತ್ರ ಬರೆದರು. ಕಲಾಶಾಲೆ ಕೊಡದ ತರಬೇತಿಯನ್ನು ಆ ಕತೆಗಳು ಕೊಟ್ಟವು.

ಕನ್ನಡಿಗರು ಮರೆಯಬಾರದ ಇನ್ನೊಂದು ಶಾಲೆ 'ಕೊರವಂಜಿ'. ಬೆಂಗಳೂರಿನ ಮೆಜೆಸ್ಟಿಕ್ ಭಾಗದಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ ಅದು. ಕಾಲೇಜು ಹುಡುಗನಾಗಿದ್ದ ಲಕ್ಷ್ಮಣ್ ಅದಕ್ಕೂ ಬರೆದರು. ಅವರನ್ನು ಬೆನ್ನು ತಟ್ಟಿ ಬೆಳೆಸಿದವರಲ್ಲಿ ರಾಶಿಯವರೂ ಒಬ್ಬರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ: ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಸ್ವಲ್ಪ ದಿನ, ಬೊಂಬಾಯಿಯ ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಬಾಳ ಠಾಕರೆಯವರ ಸಹೋದ್ಯೋಗಿಯಾಗಿ ಸ್ವಲ್ಪ ದಿನ, 1947ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ.

ಇಲ್ಲಿ ಸ್ವಲ್ಪ ಅಚ್ಚಿನ ವಿಷಯ ಹೇಳಬೇಕು. ಲಕ್ಷ್ಮಣ್ ಅವರ ಗೆರೆ ಹಾಗೇಕಿದೆ ಎಂಬುದಕ್ಕೆ ಉತ್ತರ ಅಲ್ಲಿದೆ. ಆ ಕಾಲದ ಪತ್ರಿಕೆಗಳಲ್ಲಿ ಚಿತ್ರ ಮುದ್ರಿಸುತ್ತಿದ್ದದ್ದು ಲೈನ್ ಬ್ಲಾಕಿನಿಂದ. ಬಿಳಿ ಹಾಳೆಯ ಮೇಲೆ ಕರಿ ಮಸಿಯಲ್ಲಿ ಬರೆದದ್ದನ್ನು ಫೋಟೋ ತೆಗೆದು, ಬೆಳಕಿಗೆ ಸ್ಪಂದಿಸುವ ಲೇಪ ಬಳಿದ ಸತುವಿನ ತಗಡಿಗೆ ಇಳಿಸುತ್ತಿದ್ದರು. ಗೆರೆ ಇದ್ದ ಕಡೆ ತಗಡು ಉಳಿಯುತ್ತಿತ್ತು, ಉಳಿದ ಕಡೆ ಆಮ್ಲ ತಿನ್ನುತ್ತಿತ್ತು. ಆ ತಗಡನ್ನು ಮೊಳೆಯ ಎತ್ತರಕ್ಕೆ ಸರಿಯಾಗಿ ಮರದ ತುಂಡಿಗೆ ಬಡಿದು ಅಕ್ಷರಗಳ ನಡುವೆ ಕೂರಿಸಿದರೆ ಬ್ಲಾಕ್ ಸಿದ್ಧ. ಇದರಲ್ಲಿ ಕಪ್ಪು ಉಂಟು, ಬಿಳಿ ಉಂಟು, ಬೂದಿ ಬಣ್ಣ ಇಲ್ಲ. ನೆರಳು ಬೇಕಾದರೆ ಗೆರೆಯ ಪಕ್ಕ ಗೆರೆ ಎಳೆಯಬೇಕು. ತೆಳು ಗೆರೆಯನ್ನು ಆಮ್ಲ ನುಂಗುತ್ತದೆ. ಒತ್ತಾದ ಗೆರೆಗಳ ನಡುವೆ ಮಸಿ ತುಂಬಿ ಕಲೆಯಾಗುತ್ತದೆ. ಅಗ್ಗದ ನ್ಯೂಸ್‌ಪ್ರಿಂಟು ಮಸಿಯನ್ನು ಹೀರಿ ಇನ್ನಷ್ಟು ಹರಡುತ್ತದೆ.

ಲಕ್ಷ್ಮಣ್ ಈ ಕಷ್ಟಗಳನ್ನು ಕುಂಚದಿಂದ ಗೆದ್ದರು. ಅವರ ಗೆರೆ ಒಂದೇ ಎಳೆತದಲ್ಲಿ ದಪ್ಪವಾಗಿ ಆರಂಭವಾಗಿ ತೆಳುವಾಗಿ ಮುಗಿಯುತ್ತದೆ. ಕೋಟಿನ ಮಡಿಕೆ, ಬಿರುಕು ಬಿಟ್ಟ ಗೋಡೆ, ಬಾಲ ಎತ್ತಿದ ನಾಯಿ, ಎಲ್ಲವೂ ಆ ದಪ್ಪ-ತೆಳುವಿನ ಆಟದಲ್ಲಿ ನಿಲ್ಲುತ್ತವೆ. ಡೇವಿಡ್ ಲೋ ಅವರಿಂದ ಇದನ್ನು ಕಲಿತರು ಎಂದು ಎಲ್ಲರೂ ಹೇಳುತ್ತಾರೆ. ಹಿಂದೂ ಪತ್ರಿಕೆಯಲ್ಲಿ ಬರುತ್ತಿದ್ದ ಆ ಚಿತ್ರಗಳ ಕೆಳಗಿನ ರುಜುವನ್ನು ಬಾಲಕ ಲಕ್ಷ್ಮಣ್ ಬಹುಕಾಲ 'ಕೌ' ಎಂದು ಓದುತ್ತಿದ್ದರಂತೆ. ಪ್ರಭಾವ ನಿಜ. ಆದರೆ ಲೋ ಅವರಲ್ಲಿ ಕಾಣದ ಒಂದು ಚಪಲ ಲಕ್ಷ್ಮಣ್ ಅವರಿಗಿದೆ. ಮುಖ್ಯ ಮಾತಿಗೆ ಏನೇನೂ ಬೇಡದ ವಸ್ತುವೊಂದನ್ನು ಅವರು ಮೂಲೆಯಲ್ಲಿ ಇಡುತ್ತಾರೆ: ಒಂದು ಹೂಜಿ, ವಾಲಿದ ಫ್ಯಾನು, ಮುರಿದ ಕುರ್ಚಿಯ ಕಾಲು. ವ್ಯಂಗ್ಯಚಿತ್ರಕ್ಕೆ ಅವು ಅನಗತ್ಯ. ಕತೆಗೆ ಅವು ಬೇಕು. ಕತೆಗಾರನ ಮನೆಯಲ್ಲಿ ಬೆಳೆದವನ ಅಭ್ಯಾಸ ಅದು.

ನಾರಾಯಣ್ ಅವರ ಕತೆಗಾರಿಕೆಯ ಒಂದು ಗುಣವನ್ನು ಇದರ ಜೊತೆಗಿಟ್ಟು ನೋಡಬೇಕು. ಅವರು ಮನುಷ್ಯರ ಮುಖವನ್ನು ಉದ್ದುದ್ದ ವರ್ಣಿಸುವವರಲ್ಲ. ವಸ್ತುವಿನಿಂದ ಮನುಷ್ಯನನ್ನು ಹಿಡಿಯುತ್ತಾರೆ. 1952ರ 'ದ ಫೈನಾನ್ಶಿಯಲ್ ಎಕ್ಸ್‌ಪರ್ಟ್'ನ ಮಾರ್ಗಯ್ಯ ಎಂದರೆ ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ಇಟ್ಟುಕೊಂಡು ಕೂರುವ ತಗಡಿನ ಪೆಟ್ಟಿಗೆ. 1961ರ 'ದ ಮ್ಯಾನ್-ಈಟರ್ ಆಫ್ ಮಾಲ್ಗುಡಿ'ಯ ನಟರಾಜ ಎಂದರೆ ನೀಲಿ ಪರದೆ. ಈ ನಟರಾಜನ ಕಸುಬು ಮುದ್ರಣ ಎಂಬುದು ನಮಗೆ ವಿಶೇಷ ಖುಷಿ ಕೊಡುತ್ತದೆ. ಪರದೆಯ ಆಚೆ ದೊಡ್ಡ ಕಾರ್ಖಾನೆಯೇ ಇದೆಯೆಂದು ಜನ ನಂಬಬೇಕು; ಅಲ್ಲಿರುವುದು ಶಾಸ್ತ್ರಿ ಎಂಬ ಒಬ್ಬ ಮುದುಕ. ಪಕ್ಕದ ಸ್ಟಾರ್ ಪ್ರೆಸ್ಸಿನ ಹೈಡಲ್‌ಬರ್ಗ್ ಯಂತ್ರದ ಮರ್ಯಾದೆಯಲ್ಲಿ ನಟರಾಜನಿಗೂ ಒಂದು ಪಾಲು. ಇದಕ್ಕೂ ಮೊದಲು, 1949ರಲ್ಲಿ ಬಂದ 'ಮಿಸ್ಟರ್ ಸಂಪತ್' ಕೂಡ ಮುದ್ರಕನ ಕತೆಯೇ. 1941ರಲ್ಲಿ ನಾರಾಯಣ್ ಮೈಸೂರಿನಲ್ಲಿ 'ಇಂಡಿಯನ್ ಥಾಟ್' ಎಂಬ ಪತ್ರಿಕೆ ತೆಗೆದು, ಮೂರು ಸಂಚಿಕೆಗೆ ಮುಗಿಸಿ, ಪ್ರೆಸ್ಸಿನ ಬಾಗಿಲಲ್ಲಿ ಕಾದು ಕಾದು ಸಂಪಾದಿಸಿದ ಅನುಭವ ಅದರ ಹಿಂದಿದೆ. ಅಣ್ಣನಿಗೂ ತಮ್ಮನಿಗೂ ಮಸಿಯ ವಾಸನೆ ಗೊತ್ತಿತ್ತು.

ಮುಖ ಹೇಳದೆ ವಸ್ತು ಹೇಳುವ ಕತೆಗಾರ ಚಿತ್ರಕಾರನಿಗೆ ದೊಡ್ಡ ಜಾಗ ಬಿಡುತ್ತಾನೆ. ಅದೇ ಜಾಗದಲ್ಲಿ ಚಿತ್ರಕಾರ ಕಾಲು ಜಾರುವ ಭಯವೂ ಉಂಟು. ಮುಖ ಗೊತ್ತಿಲ್ಲದವನು ಡ್ರಾಯರು ಎಳೆದು ಬ್ಲಾಕ್ ತೆಗೆಯುತ್ತಾನೆ. ಲಕ್ಷ್ಮಣ್‌ಗೆ ಆ ಅಗತ್ಯ ಬೀಳಲಿಲ್ಲ, ಯಾಕೆಂದರೆ ಮಾರ್ಗಯ್ಯನಂಥವರನ್ನು ಅವರು ಮೈಸೂರಿನ ಕಚೇರಿಗಳ ಮುಂದೆ ಕಂಡವರು. ತಮ್ಮ ಆತ್ಮಕಥೆ 'ದ ಟನಲ್ ಆಫ್ ಟೈಮ್'ನಲ್ಲಿ ಅವರು ಬಾಲ್ಯದಲ್ಲಿ ಕಿಟಕಿಯಾಚೆ ಕಂಡು ಬರೆದುಕೊಳ್ಳುತ್ತಿದ್ದವುಗಳನ್ನು ಎಣಿಸುತ್ತಾರೆ: ಒಣಗಿದ ಕಡ್ಡಿ, ಎಲೆ, ಸೌದೆ ಒಡೆಯುವ ಆಳುಗಳು, ಎದುರು ಮನೆಯ ಮಾಡಿನ ಮೇಲೆ ಬೇರೆ ಬೇರೆ ಭಂಗಿಯಲ್ಲಿ ಕೂತ ಕಾಗೆಗಳು. ಕಾಗೆಯ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಎಷ್ಟೆಷ್ಟೋ ಕಾಗೆಗಳನ್ನು ಬರೆದರು. ನಾವು ಒಂದು ಕಾಗೆಯನ್ನು ನೋಡಿ ಎಲ್ಲ ಕಾಗೆ ನೋಡಿದ ಲೆಕ್ಕ ಹಾಕುತ್ತೇವೆ. ಅವರು ಹಾಗೆ ಮಾಡಲಿಲ್ಲ.

ಈಗ ನಮಗೆ ಕಷ್ಟವಾಗುವ ಮಾತಿಗೆ ಬರುತ್ತೇವೆ. 1951ರಲ್ಲಿ ಕಾಣಿಸಿಕೊಂಡ ಶ್ರೀಸಾಮಾನ್ಯ ಹುಟ್ಟಿದ ಬಗೆಯನ್ನು ಲಕ್ಷ್ಮಣ್ ಅವರೇ ಹೇಳಿದ್ದಾರೆ. ಆರಂಭದಲ್ಲಿ ಈ ದೇಶದ ಜನರನ್ನು ತೋರಿಸಲು ಅವರು ಚಿತ್ರದ ತುಂಬ ಗುಂಪನ್ನು ಬರೆಯುತ್ತಿದ್ದರಂತೆ. ಬಂಗಾಳಿ ಒಬ್ಬ, ತಮಿಳ ಒಬ್ಬ, ಪಂಜಾಬಿ ಒಬ್ಬ, ಹೀಗೆ. ದಿನವೂ ಸಂಜೆಯೊಳಗೆ ಚಿತ್ರ ಕೊಡಬೇಕಾದಾಗ ಅಷ್ಟೊಂದು ಜನರನ್ನು ಬರೆಯಲು ಸಮಯವಿಲ್ಲ. ಒಬ್ಬೊಬ್ಬರಾಗಿ ಬಿಟ್ಟುಹೋದರು. ಕೊನೆಗೆ ಉಳಿದವನು ಬೋಳುತಲೆ, ಕಿವಿಯ ಮೇಲೆ ಎರಡು ಕುಚ್ಚು ಬಿಳಿಕೂದಲು, ಕನ್ನಡಕ, ತುಂಡು ಮೀಸೆ, ಪಂಚೆ, ಚೌಕಳಿ ಕೋಟಿನ ಈ ಮುದುಕ.

ಇದನ್ನು ಜಾಣತನ ಎನ್ನೋಣವೇ, ಬಡತನ ಎನ್ನೋಣವೇ? ಎರಡೂ ಹೌದು ಎಂಬುದು ನಮ್ಮ ತೀರ್ಮಾನ. ಗುಂಪಿನಲ್ಲಿದ್ದಾಗ ಅವರೆಲ್ಲ ಪೇಟ, ಟೊಪ್ಪಿ, ಜುಟ್ಟುಗಳಿಂದ ಗುರುತಾಗುತ್ತಿದ್ದ ಬ್ಲಾಕುಗಳೇ. ಆ ಬ್ಲಾಕುಗಳನ್ನು ಲಕ್ಷ್ಮಣ್ ಕೈಬಿಟ್ಟದ್ದು ಒಳ್ಳೆಯದಾಯಿತು. ಆದರೆ ಅವು ಹೋದಾಗ ಅವುಗಳ ಹಿಂದಿದ್ದ ಜನರೂ ಹೋದರು. ನಮ್ಮ ಅಬ್ಬಾನಿಗೆ ಶ್ರೀಸಾಮಾನ್ಯನ ಪರಿಚಯವಾದದ್ದು ದಿನಸಿ ಅಂಗಡಿಯ ಪೊಟ್ಟಣದ ಕಾಗದದಲ್ಲಿ. ಧನಿಯ ಸುರಿದುಕೊಂಡು ಕಾಗದವನ್ನು ಬಿಡಿಸಿ ನೋಡಿ, "ಇವರು ಪೋಸ್ಟ್ ಮಾಸ್ಟರ್ ಇದ್ದಂಗಿದ್ದಾರೆ" ಎಂದಿದ್ದರು. ತಮ್ಮಂತೆ ಇದ್ದಾನೆ ಎಂದು ಅಬ್ಬಾನಿಗೆ ಅನ್ನಿಸಲಿಲ್ಲ. ಅಬ್ಬಾ ಉಡು‌ತ್ತಿದ್ದದ್ದು ಚೌಕಳಿ ಲುಂಗಿ. ಚೌಕಳಿ ಕೋಟು ಹಾಕುವವರು ಅವರ ಕಣ್ಣಿಗೆ ಕಚೇರಿಯ ಒಳಗಿನವರು. ಪಂಚೆ ಕೋಟಿನ ಆ ಮನುಷ್ಯ ಓದು ಬಲ್ಲವನು, ಪಿಂಚಣಿ ಬರಬಹುದಾದವನು, ಗಂಡಸು. ಹೆಂಗಸರಲ್ಲಿ ಅವನ ಪಕ್ಕ ಹೆಚ್ಚಾಗಿ ನೆನಪಿಗೆ ಬರುವವಳು ಅವನ ಹೆಂಡತಿ, ಅವಳಿಗೆ ಮಾತಾದರೂ ಉಂಟು. ಶ್ರೀಸಾಮಾನ್ಯ ದೇಶದ ಜನರ ಪ್ರತಿನಿಧಿ ಎಂದು ಹೊಗಳುವವರು ಇದನ್ನು ಗಮನಿಸಬೇಕು. ಅವನು ಸಾಕ್ಷಿ ಎಂದರೆ ನಾವು ಒಪ್ಪುತ್ತೇವೆ. ಎಲ್ಲಿ ಏನಾದರೂ ಅಲ್ಲಿ ನಿಂತಿರುತ್ತಾನೆ, ಬಾಯಿ ಬಿಡುವುದಿಲ್ಲ. ಆ ಮೌನದಲ್ಲಿ ನಮ್ಮಂಥವರೂ ಸ್ವಲ್ಪ ಜಾಗ ಮಾಡಿಕೊಂಡು ನಿಂತುಕೊಂಡೆವು.

ಮತ್ತೊಂದು ವಿಪರ್ಯಾಸ. ಬ್ಲಾಕುಗಳನ್ನು ಕರಗಿಸಿ ಮಾಡಿದ ಈ ಮನುಷ್ಯ ಕಾಲ ಕಳೆದಂತೆ ತಾನೇ ಒಂದು ಬ್ಲಾಕ್ ಆದ. 1988ರಲ್ಲಿ ಅಂಚೆ ಚೀಟಿಯ ಮೇಲೆ ಬಂದ. ಪುಣೆಯಲ್ಲಿ ಕಂಚಿನ ಪ್ರತಿಮೆಯಾದ. ಅಗ್ಗದ ವಿಮಾನಯಾನ ಆರಂಭಿಸಿದ ಏರ್ ಡೆಕ್ಕನ್‌ಗೆ ಲಾಂಛನವಾದ. ಅರ್ಧ ಶತಮಾನ ದಿನವೂ ಬರೆಯಬೇಕಾದ ಕೈ ದಣಿಯದೆ ಇರುವುದು ಹೇಗೆ? ಕೊನೆಕೊನೆಯ ಪುಟ್ಟ ಚಿತ್ರಗಳಲ್ಲಿ ಮಂತ್ರಿ ಎಂದರೆ ಒಬ್ಬನೇ ಮಂತ್ರಿ, ಬಡವ ಎಂದರೆ ಒಬ್ಬನೇ ಬಡವ. ದೊಡ್ಡ ರಾಜಕೀಯ ಚಿತ್ರಗಳ ಮಾತು ಬೇರೆ. ಅಲ್ಲಿ ಅವರು ಮುಖವನ್ನು ಅಭ್ಯಾಸ ಮಾಡಿ ಬರೆಯುತ್ತಿದ್ದರು. ನೆಹರೂ ಅವರ ತಲೆಯ ಮೇಲಿನ ಟೊಪ್ಪಿಯನ್ನು ತೆಗೆದು ಬೋಳುತಲೆಯಲ್ಲೇ ಬರೆದದ್ದು ನಮಗೆ ಬಹಳ ಹಿಡಿಸಿದ ಸಂಗತಿ. ಕಾಂಗ್ರೆಸ್ಸಿಗರೆಲ್ಲರಿಗೂ ಇದ್ದ ಟೊಪ್ಪಿಯನ್ನು ತೆಗೆದ ಮೇಲೆ ಅಲ್ಲಿ ಉಳಿದದ್ದು ನೆಹರೂ ಒಬ್ಬರೇ.

ಟೊಪ್ಪಿಯ ಮಾತು ಬಂದ ಮೇಲೆ ಗಫೂರನನ್ನು ನೆನೆಯದೆ ಮುಂದೆ ಹೋಗಲಾರೆವು. 1958ರ 'ದ ಗೈಡ್' ಓದಿದವರಿಗೆ ಇವನು ಗೊತ್ತು. ಮಾಲ್ಗುಡಿಯ ಟ್ಯಾಕ್ಸಿ ಡ್ರೈವರ್. ರಾಜು, ರೋಸಿ, ಮಾರ್ಕೋ ಬೆಟ್ಟ ಹತ್ತುವುದು ಇವನ ಹಳೆಯ ಕಾರಿನಲ್ಲಿ. ಪರರ ಹೆಂಡತಿಯ ತಂಟೆ ಬೇಡ ಎಂದು ರಾಜುವಿಗೆ ಎಚ್ಚರಿಕೆ ಹೇಳುವ ಧೈರ್ಯ ಇರುವವನು ಇವನು. ಮುಸ್ಲಿಮನನ್ನು ಕತೆಯೊಳಗೆ ತಂದು ಅವನ ಧರ್ಮದ ಬಗ್ಗೆ ಏನನ್ನೂ ಮಾಡಲು ಹೋಗದ ನಾರಾಯಣ್ ಅವರ ಸಹಜತೆಗೆ ನಾವು ಎಷ್ಟು ಋಣಿಯಾಗಿರಬೇಕೋ ತಿಳಿಯದು. ಅವನ ಗುರುತು ಅವನ ಕಾರು ಮತ್ತು ಅವನ ನೇರ ಮಾತು. ಹಿಂದಿ ಸಿನಿಮಾದಲ್ಲಿ ಅವನು ಬೇರೆಯೇ ಆದ, ಅದಿರಲಿ. ನಾವು ಕತೆ ಬರೆಯುವವರಾಗಿ ಆ ಪುಟಗಳಿಂದ ಕಲಿತದ್ದಿಷ್ಟು: ಪಾತ್ರದ ಹೆಸರು ಹೇಳಿದರೆ ಸಾಕು, ಓದುಗನಿಗೆ ಉಳಿದದ್ದು ತಿಳಿಯುತ್ತದೆ. ಹೆಸರಿನ ಮೇಲೆ ಮತ್ತೊಂದು ಟೊಪ್ಪಿ ಇಡಬೇಕಾಗಿಲ್ಲ. ವ್ಯಂಗ್ಯಚಿತ್ರಕಾರನಿಗೆ ಟೊಪ್ಪಿ ಬೇಕಾಗುತ್ತದೆ, ಓದುಗ ಐದು ಕ್ಷಣದಲ್ಲಿ ಗುರುತಿಸಬೇಕಲ್ಲ. ಕತೆಯ ಪಕ್ಕದ ಚಿತ್ರಕ್ಕೆ ಆ ಅವಸರ ಇಲ್ಲ. ಪಕ್ಕದಲ್ಲೇ ಎರಡು ಪುಟ ಅಕ್ಷರ ಇದೆ. ಎರಡೂ ಕಸುಬು ಮಾಡಿದ ಲಕ್ಷ್ಮಣ್‌ಗೆ ಈ ವ್ಯತ್ಯಾಸ ತಿಳಿದಿತ್ತು. ಅಣ್ಣನ ಪುಸ್ತಕಗಳಿಗೆ, ಕರ್ನಾಟಕ ಪ್ರವಾಸದ 'ದ ಎಮರಾಲ್ಡ್ ರೂಟ್'ಗೆ ಅವರು ಬರೆದ ರೇಖಾಚಿತ್ರಗಳಲ್ಲಿ ಆ ಧಾವಂತವಿಲ್ಲ.

80ರ ದಶಕದ ಉತ್ತರಾರ್ಧದಲ್ಲಿ ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂತು. ಶೀರ್ಷಿಕೆಯ ಜೊತೆ ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ರಾಗ. ನಮ್ಮ ಓಣಿಯಲ್ಲಿ ಒಂದೇ ಟೀವಿ, ನಮ್ಮದಲ್ಲ. ಮೈಸೂರಿನವರು ಇಂಗ್ಲಿಷಿನಲ್ಲಿ ಬರೆದ ಕತೆ, ಮಾಸ್ಟರ್ ಮಂಜುನಾಥ್, ಗಿರೀಶ ಕಾರ್ನಾಡ್, ವೈಶಾಲಿ ಕಾಸರವಳ್ಳಿ ಮುಂತಾದ ನಮ್ಮವರೇ ನಟರು, ಮಾತು ಮಾತ್ರ ಹಿಂದಿ. ಟೀವಿ ಮನೆಯ ಅಜ್ಜಿಗೆ ಹಿಂದಿ ಬಾರದು. ಮನೆಯಲ್ಲಿ ಉರ್ದು ಆಡುವ ನಮ್ಮನ್ನು ಮುಂದೆ ಕೂರಿಸಿಕೊಂಡು, "ಏನಂದ್ನೋ ಸ್ವಾಮಿ? ಅವರಪ್ಪ ಯಾಕ್ ಬೈದ್ರು?" ಎಂದು ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು, ಕೆಲವು ಸಲ ತಪ್ಪು ಹೇಳುತ್ತಿದ್ದೆವು. ಹಾಗೆ ಕನ್ನಡದ ನೆಲದ ಕತೆ ಇಂಗ್ಲಿಷ್, ಹಿಂದಿ, ಉರ್ದುಗಳನ್ನು ಸುತ್ತಿಕೊಂಡು ತೆರಕಣಾಂಬಿಯ ಒಂದು ಜಗಲಿಯಲ್ಲಿ ಮತ್ತೆ ಕನ್ನಡವಾಗುತ್ತಿತ್ತು. ಆರಂಭದ ಚಿತ್ರಗಳು ಬರುವಾಗ ಮಾತ್ರ ಅಜ್ಜಿ ನಮ್ಮನ್ನು ಏನೂ ಕೇಳುತ್ತಿರಲಿಲ್ಲ.

ಆ ಚಿತ್ರಗಳ ಬಗ್ಗೆ ಒಂದು ಆಕ್ಷೇಪವೂ ನಮಗಿದೆ. ಅವು ಎಷ್ಟು ಗೆದ್ದವೆಂದರೆ ಈಗ ಮಾಲ್ಗುಡಿಯನ್ನು ಬೇರೆ ರೀತಿ ಕಾಣಲು ಆಗುತ್ತಿಲ್ಲ. ನಾರಾಯಣ್ ಅವರಿಗೆ 1930ರಲ್ಲಿ ಮೊದಲು ಹೊಳೆದದ್ದು ಒಂದು ರೈಲು ನಿಲ್ದಾಣ; ಊರು ಆಮೇಲೆ ಬಂತು. ಆ ಊರನ್ನು ಪ್ರತಿ ಓದುಗ ತನ್ನ ಊರಿನಿಂದ ಕಟ್ಟಿಕೊಳ್ಳಬಹುದಿತ್ತು. ಇಂದು ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ಒಳ್ಳೆಯ ಚಿತ್ರಕಾರನೂ ಓದುಗನಿಂದ ಏನನ್ನೋ ಕಸಿಯುತ್ತಾನೆ. ಹಾಗಿರುವಾಗ ಅವಸರದ ಚಿತ್ರಕಾರ ಎಷ್ಟು ಕಸಿಯಬಹುದು!

ಅವಸರಕ್ಕೆ ಕಾರಣ ಅವನೊಬ್ಬನೇ ಅಲ್ಲ ಎಂಬುದನ್ನೂ ಹೇಳಬೇಕು. ವಾರಪತ್ರಿಕೆಯ ಚಿತ್ರಕಾರನ ಮೇಜಿಗೆ ಸಂಜೆ ಕತೆ ಬಂದರೆ ಬೆಳಿಗ್ಗೆ ಚಿತ್ರ ಹೋಗಬೇಕು. ಎಷ್ಟೋ ಸಲ ಪೂರ್ತಿ ಕತೆಯೂ ಕೈಗೆ ಸಿಗದು. ಸಾರಾಂಶ ಸಿಗುತ್ತದೆ, ಪಾತ್ರದ ಹೆಸರು ಸಿಗುತ್ತದೆ. ಹೆಸರು ಫಾತಿಮಾ ಎಂದಿದ್ದರೆ ಕೈ ತಾನಾಗಿ ಯಾವ ಡ್ರಾಯರಿಗೆ ಹೋಗುತ್ತದೆ ಎಂದು ಊಹಿಸಬಹುದು. ಲಕ್ಷ್ಮಣ್ ಅವರಿಗೆ ಇದ್ದ ಅನುಕೂಲ ಬೇರೆ ಯಾರಿಗೂ ಇರಲಿಲ್ಲ. ಕತೆಗಾರ ಮತ್ತು ಚಿತ್ರಕಾರ ಒಂದೇ ಮನೆಯವರು.

2003ರಲ್ಲಿ ಪಾರ್ಶ್ವವಾಯು ಬಡಿದು ಲಕ್ಷ್ಮಣ್ ಅವರ ಎಡಭಾಗ ಸ್ವಾಧೀನ ತಪ್ಪಿತು. ಅವರ ತಂದೆಯನ್ನು ಮಲಗಿಸಿದ್ದೂ ಅದೇ ಕಾಯಿಲೆ. ಅಣ್ಣ ನಾರಾಯಣ್ ಅದಕ್ಕೂ ಮೊದಲೇ, 2001ರಲ್ಲಿ, ತೀರಿಕೊಂಡಿದ್ದರು. 2005ರಲ್ಲಿ ಪದ್ಮವಿಭೂಷಣ ಬಂತು. 2015ರ ಜನವರಿ 26ರಂದು ಪುಣೆಯಲ್ಲಿ ಲಕ್ಷ್ಮಣ್ ನಿಧನರಾದರು. ಮರುದಿನ ಪತ್ರಿಕೆಗಳಲ್ಲಿ ಅನೇಕ ವ್ಯಂಗ್ಯಚಿತ್ರಕಾರರು ಶ್ರೀಸಾಮಾನ್ಯ ಅಳುತ್ತಿರುವಂತೆ ಬರೆದರು. ಮಾರ್ಗಯ್ಯನನ್ನೋ ನಟರಾಜನನ್ನೋ ಅಳಿಸಿದವರನ್ನು ನಾವು ಕಾಣಲಿಲ್ಲ.

ಈಚೆಗೆ ನಮ್ಮ ಹೊಸ ಸಂಕಲನಕ್ಕೆ ಚಿತ್ರ ಬರೆಯಲು ಒಪ್ಪಿಕೊಂಡ ಒಬ್ಬ ಯುವಕ ಫೋನ್ ಮಾಡಿದ್ದ. ಅರಿಸಿನ ಕೂಲಿಯ ಆ ಹಳೆಯ ಕತೆಯೂ ಸಂಕಲನದಲ್ಲಿದೆ. "ಸರ್, ಈ ಅಮ್ಮ ಮನೇಲಿ ಎಲ್ಲಿ ಕೂತ್ಕೋತಾರೆ?" ಎಂದು ಕೇಳಿದ. ಇಷ್ಟು ವರ್ಷ ಆ ಕತೆಯ ಬಗ್ಗೆ ಯಾರೂ ನಮ್ಮನ್ನು ಇದನ್ನು ಕೇಳಿರಲಿಲ್ಲ. ಹಿತ್ತಲ ಬಾಗಿಲ ಹೊಸ್ತಿಲ ಮೇಲೆ, ಒಂದು ಕಾಲು ಹೊರಗೆ ಚಾಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಎಂದೆವು. "ಯಾವ ಕಾಲು ಸರ್?" ಎಂದ. ಅಮ್ಮನನ್ನು ಕೇಳಿ ಹೇಳುತ್ತೇವೆ ಎಂದು ಫೋನ್ ಇಟ್ಟೆವು.